ಮಗಳಿಗೆ ಡಬಲ್ ಬಾಸ್: ಹಳೆಯದು ಕೊಳ್ಳಲೋ, ಹೊಸದಾಗಿ ಕೈಯಲ್ಲಿ ಮಾಡಿದ್ದು ಕೊಳ್ಳಲೋ?

ಲೈಪ್‌ಜಿಗ್ ಅಪ್ಪ
ಎಲ್ಲರಿಗೂ ನಮಸ್ಕಾರ. ನಾವು ಇರುವುದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಮಗಳಿಗೆ ಈಗ ಹದಿನೇಳು. ಚಿಕ್ಕವಳಿದ್ದಾಗಿನಿಂದ ಡಬಲ್ ಬಾಸ್ (ಪಿಟೀಲಿನ ಜಾತಿಯ ಅತಿ ದೊಡ್ಡ, ಮಂದ್ರ ನಾದದ ವಾದ್ಯ) ನುಡಿಸುತ್ತಾಳೆ, ಮುಂದಿನ ವರ್ಷ ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರುತ್ತಾಳೆ. ಇಷ್ಟು ದಿನ ಬಾಡಿಗೆಯ ಪ್ಲೈವುಡ್ ವಾದ್ಯದಲ್ಲೇ ನಡೆಯಿತು. ಈಗ ಅವಳ ಟೀಚರ್ "ಇನ್ನು ಇದರಲ್ಲಿ ಸಾಧ್ಯವಿಲ್ಲ, ಗಟ್ಟಿಮರ ಕೆತ್ತಿ ಮಾಡಿದ್ದು ನೋಡಿ" ಎಂದಿದ್ದಾರೆ.

ಮೂರು ವಾದ್ಯ ನೋಡಿಟ್ಟಿದ್ದೇವೆ. ಸ್ಯಾಕ್ಸನಿಯಲ್ಲಿ ವಾದ್ಯ ತಯಾರಿಕೆಗೆ ಹೆಸರಾದ ಮಾರ್ಕ್‌ನಾಯ್‌ಕಿರ್ಶನ್ ಊರಿನ, 1900ರ ಆಸುಪಾಸಿನ ಒಂದು ಬಾಸ್ ಇದೆ, ಚಪ್ಪಟೆ ಬೆನ್ನಿನದು, 14 ಸಾವಿರ ಯೂರೋ. ಅದೇ ಊರಿನಲ್ಲಿ ಒಬ್ಬ ಮೇಸ್ತ್ರಿ ಈಗ ಮಾಡಿ ಮುಗಿಸಿರುವ ಹೊಸದು 22 ಸಾವಿರ. ಇನ್ನೊಂದು ಬೇರೆ ಊರಿನ ಅಂಗಡಿಯಲ್ಲಿದೆ. ಒಳಗೆ ಇಟಲಿಯ ಲೇಬಲ್ ಇದೆ, 1800ಕ್ಕಿಂತ ಹಿಂದಿನದು ಅನ್ನುತ್ತಾರೆ, 38 ಸಾವಿರ ಹೇಳುತ್ತಿದ್ದಾರೆ. ಮಗಳ ಮನಸ್ಸು ಆ ಇಟಲಿಯದರ ಮೇಲೆ. ನೋಡೋಕೆ ಬಹಳ ಚೆನ್ನಾಗಿದೆ, ವಾರ್ನಿಷ್ ಜೇನಿನ ಬಣ್ಣಕ್ಕಿದೆ. ನನಗೆ ಸಂಗೀತ ಕೇಳೋದು ಗೊತ್ತು, ವಾದ್ಯದ ಮರ, ಅಂಟು ಇವೆಲ್ಲ ಗೊತ್ತಿಲ್ಲ. ಸಾಲ ತೆಗೆದೇ ಕೊಳ್ಳಬೇಕು. ಇಲ್ಲಿ ಯಾರಾದರೂ ಬಾಸ್ ನುಡಿಸುವವರು, ರಿಪೇರಿ ಬಲ್ಲವರು ಇದ್ದರೆ ದಯವಿಟ್ಟು ಹೇಳಿ, ಏನು ನೋಡಬೇಕು?

ತುಂಗೆ ದಡ
38 ಸಾವಿರಕ್ಕೆ ಇನ್ನೂರು ವರ್ಷ ದಾಟಿದ ಇಟಲಿ ಬಾಸ್ ಕೊಡ್ತಾರಾ? ನಿಜವಾದದ್ದಾಗಿದ್ದರೆ ಲಕ್ಷ ಯೂರೋ ದಾಟಿರುತ್ತಿತ್ತು. ಬೆಲೆ ನೋಡಿದರೇ ಅನುಮಾನ ಬರಬೇಕು.

ಮಂದ್ರಸ್ಥಾಯಿ
ಅದೇ ಮಾತು ನಾನೂ ಹೇಳಬೇಕೆಂದಿದ್ದೆ. ನಾನು ನೆದರ್ಲೆಂಡ್ಸ್‌ನಲ್ಲಿ ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುತ್ತೇನೆ. ಲೇಬಲ್ ಅಂದರೆ ಒಂದು ಚೂರು ಕಾಗದ ಸರ್. ಯಾರು ಬೇಕಾದರೂ ಎಫ್ ತೂತಿನಿಂದ (ಮುಖದ ಮೇಲಿನ f ಆಕಾರದ ಸೀಳು) ಒಳಗೆ ಅಂಟಿಸಬಹುದು, ನೂರೈವತ್ತು ವರ್ಷದಿಂದ ಅಂಟಿಸುತ್ತಲೇ ಬಂದಿದ್ದಾರೆ. ಸ್ಯಾಕ್ಸನಿ, ಬೊಹೀಮಿಯಾದಲ್ಲಿ ರಾಶಿಗಟ್ಟಲೆ ತಯಾರಾದ ಪಿಟೀಲುಗಳ ಒಳಗೆಲ್ಲ ಇಟಲಿಯ ಪ್ರಸಿದ್ಧ ಪಿಟೀಲು ತಯಾರಕ ಸ್ಟ್ರಾಡಿವೇರಿಯಸ್ ಹೆಸರು ಅಚ್ಚು ಹಾಕಿದ ಕಾಗದ ಇರುತ್ತಿತ್ತು. ಮೋಸ ಅಂತಲ್ಲ, ಆ ಮಾದರಿಯದು ಅನ್ನೋ ಅರ್ಥದಲ್ಲಿ ಹಾಕಿದ್ದು. ಮೋಸ ಶುರುವಾಗಿದ್ದು ಆಮೇಲೆ, ಕೈಯಿಂದ ಕೈಗೆ ಬರುವಾಗ.

ದೊಡ್ಡ ದೊಡ್ಡ ವಾದ್ಯಗಳ ವಿಷಯದಲ್ಲೇ ಹೀಗಾಗಿದೆ. ಕೂಸೆವಿಟ್ಸ್ಕಿ ಅಂತ ರಷ್ಯಾದ ಪ್ರಸಿದ್ಧ ಬಾಸ್ ವಾದಕ, ಆಮೇಲೆ ಬಾಸ್ಟನ್ ಸಿಂಫನಿಯ ನಿರ್ದೇಶಕರಾದವರು. ಅವರ ಬಾಸ್ ಅನ್ನು 1611ರಲ್ಲಿ ಇಟಲಿಯ ಹೆಸರಾಂತ ವಾದ್ಯ ತಯಾರಕರಾದ ಅಮಾತಿ ಸಹೋದರರು ಮಾಡಿದ್ದು ಎಂದೇ ಎಲ್ಲರೂ ನಂಬಿದ್ದರು. 1962ರಲ್ಲಿ ಅವರ ಪತ್ನಿ ಅದನ್ನು ಅಮೆರಿಕದ ಬಾಸ್ ವಾದಕ ಗ್ಯಾರಿ ಕಾರ್ ಅವರಿಗೆ ಕೊಟ್ಟರು. ಆಮೇಲೆ ಮರದ ಉಂಗುರ ಎಣಿಸಿ ನೋಡಿದಾಗ ಆ ಮರ ಅಷ್ಟು ಹಳೆಯದೇ ಅಲ್ಲ ಅಂತ ಗೊತ್ತಾಯಿತು. ಈಗ ಅದು ಸುಮಾರು 1800ರ ಹೊತ್ತಿಗೆ ಫ್ರಾನ್ಸಿನಲ್ಲಿ ಆದದ್ದು ಎನ್ನುತ್ತಾರೆ. ಅಷ್ಟಾದರೂ ಅದರ ನಾದ ಒಂದು ಚೂರೂ ಕಡಿಮೆಯಾಗಲಿಲ್ಲ, ಅಲ್ವಾ? ಹಾಗಾಗಿ ಕಾಗದಕ್ಕೆ ದುಡ್ಡು ಕೊಡಬೇಡಿ, ನಾದಕ್ಕೆ ಕೊಡಿ.

ಹಳೇ ಮರ
ಒಪ್ಪುತ್ತೇನೆ, ಆದರೆ ಇದನ್ನೇ ಹಿಡಿದು ಹಳೆಯದೆಲ್ಲ ಬೇಡ ಅನ್ನೋದು ತಪ್ಪು. ಹಿಂದಿನ ಕಾಲದ ದೊಡ್ಡ ಬಾಸ್ ವಾದಕ ಡ್ರಾಗನೆಟ್ಟಿ ನುಡಿಸಿದ, ಗ್ಯಾಸ್ಪರೋ ದ ಸಾಲೋ ಎಂಬ ಮೇಸ್ತ್ರಿ ಮಾಡಿದ ಬಾಸ್ ಇವತ್ತಿಗೂ ವೆನಿಸ್‌ನಲ್ಲಿದೆ. ಇನ್ನೊಬ್ಬ ಮಹಾ ವಾದಕ ಬೊಟ್ಟೆಸಿನಿ ಹೆಸರು ಮಾಡಿದ್ದು ಟೆಸ್ಟೋರೆ ಎಂಬ ಮೇಸ್ತ್ರಿಯ 1716ರ ಬಾಸ್‌ನಲ್ಲಿ, ಅದೂ ಮೂರೇ ತಂತಿ ಹಾಕಿಕೊಂಡು. ಅವರೆಲ್ಲ ಹಳೆ ವಾದ್ಯ ಹುಡುಕಿಕೊಂಡು ಹೋಗಿದ್ದು ಸುಮ್ನೆ ಅಲ್ಲ. ನೂರು ವರ್ಷ ನುಡಿಸಿಕೊಂಡು ಬಂದ ಮರಕ್ಕೆ ಒಂದು ತೂಕ ಬಂದಿರುತ್ತದೆ, ಹೊಸದರಲ್ಲಿ ಅದು ಸಿಗಲ್ಲ.

ಉಳಿ ಹಿಡಿದವ
ನಾನು ಇಂಗ್ಲೆಂಡಿನ ನ್ಯೂಆರ್ಕ್ ಪಿಟೀಲು ತಯಾರಿಕೆ ಶಾಲೆಯಲ್ಲಿ ಕಲಿತವನು, ಈಗ ಹೆಚ್ಚಾಗಿ ಬಾಸ್ ಮತ್ತು ಚೆಲ್ಲೋ ರಿಪೇರಿ ಮಾಡುತ್ತೇನೆ. ಹಳೇ ಮರ ಅವರೇ, ಬೇಸರ ಮಾಡಿಕೊಳ್ಳಬೇಡಿ, ನೂರು ವರ್ಷ ದಾಟಿದರೂ ಬಾಯೇ ಬಿಡದ ಬಾಸ್‌ಗಳು ನನ್ನ ಬೆಂಚಿನ ಮೇಲೆ ಬರುತ್ತಲೇ ಇರುತ್ತವೆ. ಹಳೆಯದಾದ್ದಕ್ಕೆ ಚೆನ್ನಾಗಿರುವುದಲ್ಲ. ಚೆನ್ನಾಗಿದ್ದದ್ದನ್ನು ಜನ ಜೋಪಾನ ಮಾಡಿ ಉಳಿಸಿಕೊಂಡರು, ಅದಕ್ಕೇ ಅದು ಹಳೆಯದಾಗುವವರೆಗೆ ಉಳಿಯಿತು.

ಲೈಪ್‌ಜಿಗ್ ಸರ್, ಹಳೆ ಬಾಸ್ ಕೊಳ್ಳುವುದು ಹಳೆ ಮನೆ ಕೊಂಡ ಹಾಗೆ. ಗೋಡೆಯ ಬಣ್ಣ ಬಿಡಿ, ಸೂರು ಪಾಯ ನೋಡಿ. ಮೊದಲು ಅದನ್ನು ಯಾರಾದರೂ ಕತ್ತರಿಸಿದ್ದಾರಾ ಅಂತ ನೋಡಿ. ಹಿಂದಿನ ಕಾಲದ ಬಾಸ್‌ಗಳು ಈಗಿನವಕ್ಕಿಂತ ದೊಡ್ಡವು, ಎಷ್ಟೋ ಮೂರು ತಂತಿಯವು. ನಾಲ್ಕು ತಂತಿ ಬಂದ ಮೇಲೆ, ಕೈ ಮೇಲಿನ ಸ್ವರಕ್ಕೆ ಸಲೀಸಾಗಿ ಹೋಗಲಿ ಎಂದು ಭುಜದ ಭಾಗ ಕತ್ತರಿಸಿ ಇಳಿಜಾರು ಮಾಡಿದ್ದು ಬಹಳ. ಅದು ದೋಷವಲ್ಲ, ಆದರೆ ಬೆಲೆಯಲ್ಲಿ ಲೆಕ್ಕಕ್ಕೆ ಬರಬೇಕು. ಗೊತ್ತಾಗುವುದು ಹೇಗೆ ಅಂದರೆ, ಅಂಚಿನಲ್ಲಿ ಸುತ್ತಲೂ ಓಡುವ ಕಪ್ಪು ಗೆರೆ ಇದೆಯಲ್ಲ, ಅದು ಭುಜದ ಹತ್ತಿರ ಬಂದಾಗ ಅಂಚಿಗೆ ಹತ್ತಿರವಾಗುತ್ತದಾ, ಥಟ್ಟನೆ ನಿಂತು ಬೇರೆ ಬಣ್ಣದ ಗೆರೆ ಶುರುವಾಗುತ್ತದಾ ನೋಡಿ. ಮೇಲೆ ತಂತಿ ಬಿಗಿಯುವ ಪೆಟ್ಟಿಗೆಯ ಪಕ್ಕದಲ್ಲಿ ಹಳೆ ತೂತು ಮುಚ್ಚಿದ ಬಿರಡೆ ಗುರುತು ಇದ್ದರೆ ತಂತಿಯ ಏರ್ಪಾಡು ಬದಲಾಗಿದೆ ಅಂತ ಅರ್ಥ. ಅದೇ ಪೆಟ್ಟಿಗೆಯ ಕೆಳಗೆ ಕುತ್ತಿಗೆ ಬೇರೆ ಮರದಲ್ಲಿ ಸೇರಿಸಿದ ಸಣ್ಣ ಗೆರೆ ಕಂಡರೆ ಹೆದರಬೇಡಿ. ಯಾರೋ ಹಳೆ ತಲೆ ಉಳಿಸಿಕೊಂಡು ಹೊಸ ಕುತ್ತಿಗೆ ಹಾಕಿಸಿದ್ದಾರೆ, ಅಂದರೆ ಆ ವಾದ್ಯದ ಮೇಲೆ ದುಡ್ಡು ಹಾಕಿದವರಿದ್ದರು.

ಆಮೇಲೆ ಅಂಗಡಿಯವರಿಗೆ ಹೇಳಿ, ಬೆರಳಿನ ಗೆಣ್ಣಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬನ್ನಿ. ಅಂಟು ಗಟ್ಟಿ ಇದ್ದ ಕಡೆ ಒಂದೇ ಸಮ ಶಬ್ದ ಬರುತ್ತದೆ. ಬಿಟ್ಟ ಕಡೆ ಸಡಿಲವಾಗಿ ಟಪ್ ಅನ್ನುತ್ತದೆ. ಬಿಟ್ಟರೂ ಗಾಬರಿ ಬೇಡ. ಪ್ರಾಣಿಯ ಚರ್ಮದಿಂದ ತೆಗೆದ ಅಂಟನ್ನು ಹಾಕುವುದೇ ಮರ ಸೀಳುವ ಮೊದಲು ಅಂಟು ಬಿಡಲಿ ಅಂತ. ಬಿಟ್ಟ ಜಾಗಕ್ಕೆ ಯಾರಾದರೂ ಬಿಳಿ ಫೆವಿಕಾಲ್ ಥರದ್ದು ಅಥವಾ ಎಪಾಕ್ಸಿ ಸುರಿದಿದ್ದರೆ ಮಾತ್ರ ಕಷ್ಟ, ಮುಂದಿನ ರಿಪೇರಿಯವನು ಮರ ಹಾಳು ಮಾಡದೆ ಬಿಚ್ಚಲಾರ.

ಲೈಪ್‌ಜಿಗ್ ಅಪ್ಪ
ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇಟಲಿಯದರ ಮುಖದ ಮೇಲೆ ಎರಡು ಉದ್ದ ಬಿರುಕು ಕಾಣುತ್ತವೆ, ಮುಚ್ಚಿದ್ದಾರೆ. ಹಳೆ ಮಾರ್ಕ್‌ನಾಯ್‌ಕಿರ್ಶನ್‌ನ ಬೆನ್ನಲ್ಲೂ ಒಂದು ಇದೆ. ಬಿರುಕು ಇದ್ದರೆ ಬೇಡ ಅನ್ನಬೇಕಾ?

ಉಳಿ ಹಿಡಿದವ
ಬಿರುಕೇ ಇಲ್ಲದ ಹಳೆ ಬಾಸ್ ಸಿಗುವುದು ಕಷ್ಟ. ಎಲ್ಲಿದೆ ಅನ್ನೋದು ಮುಖ್ಯ. ಮುಖದ ಸ್ಪ್ರೂಸ್ ಮರದ ಎಳೆಯ ಜೊತೆಗೇ ಉದ್ದಕ್ಕೆ ಓಡಿದ ಬಿರುಕು, ಒಳಗಡೆಯಿಂದ ಸಣ್ಣ ಮರದ ಬಿಲ್ಲೆಗಳನ್ನು ಅಂಟಿಸಿ ಸರಿಯಾಗಿ ಕೂಡಿಸಿದ್ದರೆ ಇನ್ನೂ ಐವತ್ತು ವರ್ಷ ಬರುತ್ತದೆ. ಸಣ್ಣ ಕನ್ನಡಿ ಮತ್ತು ಎಲ್‌ಇಡಿ ಬೆಳಕು ಎಫ್ ತೂತಿನಲ್ಲಿ ಇಳಿಸಿ ಒಳಗೆ ನೋಡಿಸಿ. ಬಿಲ್ಲೆಗಳು ಸಾಲಾಗಿ, ಚೊಕ್ಕವಾಗಿ ಇವೆಯಾ, ಅಂಟು ಸುತ್ತಲೂ ಹರಿದು ಗಟ್ಟಿಯಾಗಿದೆಯಾ ನೋಡಿದರೇ ಕೆಲಸ ಮಾಡಿದವನ ಕೈ ತಿಳಿಯುತ್ತದೆ.

ಹೆದರಬೇಕಾದದ್ದು ಬೆನ್ನಿನಲ್ಲಿ ಸೌಂಡ್‌ಪೋಸ್ಟ್ (ಒಳಗೆ ಮುಖಕ್ಕೂ ಬೆನ್ನಿಗೂ ನಡುವೆ ಇರುವ ಸಣ್ಣ ಕಂಬ) ನಿಲ್ಲುವ ಜಾಗದ ಬಿರುಕಿಗೆ. ತಂತಿಗಳನ್ನು ಹೊತ್ತು ನಿಂತ ಬ್ರಿಜ್‌ನ ಒತ್ತಡ ಆ ಕಂಬದ ಮೂಲಕ ನೇರ ಬೆನ್ನಿಗೆ ಇಳಿಯುತ್ತದೆ. ಅಲ್ಲಿ ಸೀಳಿದ್ದರೆ ರಿಪೇರಿಯೂ ದೊಡ್ಡದು, ಮಾರುವಾಗ ಬೆಲೆಯೂ ಬಿದ್ದುಹೋಗುತ್ತದೆ. ನಿಮ್ಮ ಹಳೆಯದರ ಬಿರುಕು ಎಲ್ಲಿ, ಅಳೆದು ಹೇಳಿ.

ಚಪ್ಪಟೆ ಬೆನ್ನಿನ ಬಗ್ಗೆ ಇನ್ನೊಂದು ಮಾತು. ಅದರ ಒಳಗೆ ಅಡ್ಡಡ್ಡ ಪಟ್ಟಿ ಹಾಕಿರುತ್ತಾರೆ. ಬೆನ್ನಿನ ಹಲಗೆ ಚಳಿಗಾಲದಲ್ಲಿ ಅಗಲಕ್ಕೆ ಕುಗ್ಗುತ್ತದೆ, ಅಡ್ಡ ಪಟ್ಟಿ ಕುಗ್ಗುವುದಿಲ್ಲ. ಎರಡರ ಜಗಳದಲ್ಲಿ ಒಂದೋ ಪಟ್ಟಿ ಬಿಡುತ್ತದೆ, ಇಲ್ಲಾ ಹಲಗೆ ಸೀಳುತ್ತದೆ. ನಾದ ನೇರವಾಗಿ, ಚುರುಕಾಗಿ ಬರುತ್ತದೆ ಅಂತ ಕೆಲವರಿಗೆ ಚಪ್ಪಟೆಯೇ ಇಷ್ಟ. ನನಗೂ ಇಷ್ಟ. ಆದರೆ ಜರ್ಮನಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯಲ್ಲಿ ಅದಕ್ಕೆ ಕಾವಲು ಬೇಕು.

ಜ್ಯಾಜ್ ಹುಚ್ಚ
ಪ್ಲೈವುಡ್ ಅಂದ ತಕ್ಷಣ ಎಲ್ಲರೂ ಮೂಗು ಮುರಿಯುತ್ತೀರಿ! ಶಿಕಾಗೋದ ಕೇ ಕಂಪನಿ 1937ರಿಂದ ಮಾಡಿದ್ದೆಲ್ಲ ಪ್ಲೈವುಡ್ಡೇ. ಅಮೆರಿಕದ ಬ್ಲೂಗ್ರಾಸ್, ರಾಕಬಿಲಿ ಎಲ್ಲ ಅದರ ಮೇಲೆ ನಿಂತಿದೆ. ಇವತ್ತಿಗೂ ಹಳೆ ಕೇ ಬಾಸ್ ಹುಡುಕಿಕೊಂಡು ಜನ ಅಲೆಯುತ್ತಾರೆ. ಕಾರಿನ ಹಿಂದೆ ಹಾಕಿಕೊಂಡು ಹೋಗಿ, ಬಯಲಲ್ಲಿ ನುಡಿಸಿ, ಏನೂ ಆಗಲ್ಲ.

ಮಂದ್ರಸ್ಥಾಯಿ
ಬೆರಳಿನಿಂದ ಮೀಟುವವರಿಗೆ ಸರಿ ಮಾರಾಯರೇ, ನಾನೂ ಒಪ್ಪುತ್ತೇನೆ. ಆ ಹುಡುಗಿ ನುಡಿಸುವುದು ಕಮಾನಿನಲ್ಲಿ. ಪ್ಲೈವುಡ್ ಮೇಲೆ ಕಮಾನು ಎಳೆದರೆ ಒಂದು ಮಟ್ಟದ ಮೇಲೆ ನಾದ ಬೆಳೆಯುವುದೇ ಇಲ್ಲ. ಪರೀಕ್ಷೆ ಮಾಡಲು ಕೂತವರು ಅವಳು ನುಡಿಸುವ ಮೊದಲ ಸಾಲಿನಲ್ಲೇ ಗುರುತು ಹಿಡಿಯುತ್ತಾರೆ.

ಕೊಪ್ಪದ ಹುಡುಗ
ನನ್ನದೊಂದು ಪ್ರಶ್ನೆ, ಅವಳು ಈಗ ದೊಡ್ಡವಳಾದಳಲ್ಲ, 4/4 ಸೈಜ್ ಯಾಕೆ ತೆಗೆದುಕೊಳ್ಳಬಾರದು? ಪಿಟೀಲಿನಲ್ಲಿ ದೊಡ್ಡವರಿಗೆಲ್ಲ 4/4 ಅಲ್ವಾ?

ಮಂದ್ರಸ್ಥಾಯಿ
ಬಾಸ್‌ನಲ್ಲಿ ಹಾಗಲ್ಲ. ದೊಡ್ಡವರು, ವೃತ್ತಿಯವರು ಹೆಚ್ಚಾಗಿ ನುಡಿಸುವುದು 3/4. ಅದೇ ಮಾಮೂಲಿ ಅಳತೆ. ಆ ಸಂಖ್ಯೆ ಬಿಟ್ಟುಬಿಡಿ, ತಂತಿಯ ಉದ್ದ ಅಳೆಯಿರಿ. ಮೇಲಿನ ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಜ್‌ವರೆಗೆ 104ರಿಂದ 106 ಸೆಂಟಿಮೀಟರ್ ಇದ್ದರೆ ಈಗಿನ ರೂಢಿಯದು. ಹಳೆಯವು 108, 110 ಇರುತ್ತವೆ. ಕೇಳೋಕೆ ನಾಲ್ಕು ಸೆಂಟಿಮೀಟರ್. ಕೆಳಗಿನ ಸ್ವರಗಳಲ್ಲಿ ದಿನಾ ಮೂರು ಗಂಟೆ ಅಭ್ಯಾಸ ಮಾಡುವ ಹುಡುಗಿಯ ಎಡಗೈ ನೋವು ಬಂದಾಗ ಆ ನಾಲ್ಕರ ಬೆಲೆ ಗೊತ್ತಾಗುತ್ತದೆ. ನನ್ನ ಜೊತೆ ನುಡಿಸುವ ಒಬ್ಬರು ಉದ್ದ ತಂತಿಯ ಚೆಂದದ ಹಳೆ ಬಾಸ್ ಅನ್ನು ಕೈನೋವಿನಿಂದಲೇ ಮಾರಿದರು.

ಇನ್ನೊಂದು, ಕುತ್ತಿಗೆ ಎಲ್ಲಿಗೆ ಮುಗಿಯುತ್ತದೆ ನೋಡಿ. ಹೆಬ್ಬೆರಳು ಕುತ್ತಿಗೆಯ ಬುಡಕ್ಕೆ ತಾಗಿದಾಗ ಜಿ ತಂತಿಯ ಮೇಲೆ ಮೊದಲ ಬೆರಳು ಡಿ ಸ್ವರದ ಮೇಲಿರುತ್ತದೆ, ಇಲ್ಲಾ ಇ ಫ್ಲ್ಯಾಟ್ ಮೇಲಿರುತ್ತದೆ. ಅವಳಿಗೆ ಯಾವುದು ರೂಢಿಯೋ ಅದೇ ಇದ್ದರೆ ಪರೀಕ್ಷೆಗೆ ಮೊದಲು ಕೈ ತಡಬಡಿಸುವುದಿಲ್ಲ.

ಮೈಸೂರು ವೀಣೆ
ಬಾಸ್ ಗೊತ್ತಿಲ್ಲ, ಆದರೆ ಓದುತ್ತಾ ಕೂತೆ. ವೀಣೆ, ತಂಬೂರಿಗೂ ಇದೇ ಮಾತು. ಮೀರಜ್‌ನಲ್ಲಿ ತಂಬೂರಿ ಕೊಳ್ಳಲು ಹೋದಾಗ ನಮ್ಮ ಗುರುಗಳು ಕೆತ್ತನೆ, ದಂತದ ಬಣ್ಣದ ಅಲಂಕಾರ ಯಾವುದನ್ನೂ ನೋಡುತ್ತಿರಲಿಲ್ಲ. ಕುಂಬಳದ ಬುರುಡೆ ತಟ್ಟಿ, ತಂತಿ ಮೀಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು.

ಅಂದ ಹಾಗೆ ನಮ್ಮ ಜಯಚಾಮರಾಜ ಒಡೆಯರ್ ಅವರಿಗೆ ಪಾಶ್ಚಾತ್ಯ ಸಂಗೀತ ಅಂದರೆ ಪ್ರಾಣ. 1948ರಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಶುರು ಮಾಡಿ, ಆ ರಷ್ಯನ್ ಸಂಗೀತಗಾರನ ಕೃತಿಗಳನ್ನು ರೆಕಾರ್ಡ್ ಮಾಡಿಸಿದರು. ಮೈಸೂರಿನವರಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಹಳೇ ಮರ
ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರೇ. ಇದಕ್ಕೇ ಒಂದು ಬೇರೆ ಚರ್ಚೆ ಶುರು ಮಾಡಿ, ಬರೆಯೋದು ಬಹಳ ಇದೆ.

ತುಂಗೆ ದಡ
ಮಾಡೋಣ, ಆದರೆ ಆ ಅಪ್ಪನ ತಲೆಬಿಸಿ ಮುಗಿಯಲಿ ಮೊದಲು.

ಲೈಪ್‌ಜಿಗ್ ಅಪ್ಪ
ಓದಿ ಖುಷಿಯಾಯಿತು, ಪರವಾಗಿಲ್ಲ. ಎರಡು ವಿಷಯ. ಹಳೆ ಮಾರ್ಕ್‌ನಾಯ್‌ಕಿರ್ಶನ್‌ನ ಬೆನ್ನಿನ ಬಿರುಕು ಕೆಳಗಿನ ಅಂಚಿನ ಹತ್ತಿರ ಇದೆ, ಸೌಂಡ್‌ಪೋಸ್ಟ್‌ನಿಂದ ದೂರ. ಇನ್ನು ಇಟಲಿಯದರ ಅಂಗಡಿಗೆ ಫೋನ್ ಮಾಡಿದೆ. "ಮರದ ಉಂಗುರದ ಪರೀಕ್ಷೆ ಆಗಿದೆ, ಕೊನೆಯ ಉಂಗುರ 1771, ಹಾಗಾಗಿ ವಾದ್ಯ 1780ರದ್ದು" ಅಂದರು. ಇದು ಗಟ್ಟಿ ಸಾಕ್ಷಿ ಅಲ್ವಾ?

ಉಳಿ ಹಿಡಿದವ
ಅಲ್ಲ. ಕೊನೆಯ ಉಂಗುರ 1771 ಅಂದರೆ 1771ರವರೆಗೂ ಆ ಮರ ಕಾಡಿನಲ್ಲಿ ನಿಂತಿತ್ತು, ಅಷ್ಟೇ. ಅದಕ್ಕಿಂತ ಮೊದಲು ವಾದ್ಯ ಆಗಿರಲಾರದು ಎಂದು ಮಾತ್ರ ಅದು ಹೇಳುತ್ತದೆ. ಹಲಗೆ ಕೊಯ್ಯುವಾಗ ಹೊರಗಿನ ಉಂಗುರಗಳು ಎಷ್ಟೋ ಹೋಗಿರುತ್ತವೆ. ಆಮೇಲೆ ಆ ಹಲಗೆ ಅಟ್ಟದ ಮೇಲೆ ಎಷ್ಟು ಕಾಲ ಬಿದ್ದಿತ್ತೋ. 1771ರ ಮರದಲ್ಲಿ 1850ರಲ್ಲಿ ಬಾಸ್ ಮಾಡಿರಬಹುದು. ಎಲ್ಲಿ, ಯಾರು ಮಾಡಿದರು ಅನ್ನೋದನ್ನು ಉಂಗುರ ಹೇಳುವುದೇ ಇಲ್ಲ. ಆಲ್ಪ್ಸ್‌ನ ಸ್ಪ್ರೂಸ್ ಇಟಲಿಗೂ ಹೋಗುತ್ತಿತ್ತು, ಜರ್ಮನಿಗೂ ಹೋಗುತ್ತಿತ್ತು. ಸುಳ್ಳನ್ನು ಬಯಲು ಮಾಡಲು ಉಂಗುರ ಬಹಳ ಒಳ್ಳೆಯದು. ಹೆಸರು ಗಟ್ಟಿ ಮಾಡಲು ಸಾಲದು.

ವರದಿಯ ಪ್ರತಿ ಕೇಳಿ. ಆಮೇಲೆ ಆ ಅಂಗಡಿಗೂ ನಿಮಗೂ ಸಂಬಂಧವಿಲ್ಲದ ಒಬ್ಬ ಬಾಸ್ ತಜ್ಞರ ಹತ್ತಿರ, ನಿಮ್ಮ ಖರ್ಚಿನಲ್ಲಿ, ತೋರಿಸುತ್ತೇನೆ ಅನ್ನಿ. ಮಾರುವವನೇ ಬರೆದ ಸರ್ಟಿಫಿಕೇಟ್ ನಂಬಿ 38 ಸಾವಿರ ಕೊಡಬೇಡಿ.

ಹಳೇ ಮರ
ಈ ಮಾತು ನೂರಕ್ಕೆ ನೂರು ಸರಿ. ಹಳೆಯದರ ಪರ ಇರುವವನೇ ಹೇಳುತ್ತಿದ್ದೇನೆ, ಹೊರಗಿನವರು ನೋಡುವುದು ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ.

ಸೀಟಲ್ ಚೆಲ್ಲೋ
ಹೊಸದರ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ ಯಾಕೆ? ಮಾರ್ಕ್‌ನಾಯ್‌ಕಿರ್ಶನ್ ಅಂದರೆ ಸುಮ್ನೆ ಊರಲ್ಲ. ಬೊಹೀಮಿಯಾದಿಂದ ಓಡಿಬಂದ ಪ್ರಾಟೆಸ್ಟಂಟ್ ಕುಟುಂಬಗಳು ಅಲ್ಲಿ ನೆಲೆಸಿ 1677ರಲ್ಲೇ ಪಿಟೀಲು ಮಾಡುವವರ ಸಂಘ ಕಟ್ಟಿಕೊಂಡರು. ಅಮೆರಿಕಕ್ಕೆ ಅಲ್ಲಿಂದ ಎಷ್ಟು ವಾದ್ಯ ಹೋಗುತ್ತಿತ್ತು ಅಂದರೆ ಆ ಸಣ್ಣ ಊರಿನಲ್ಲಿ ಅಮೆರಿಕದವರು ಕಾನ್ಸುಲೇಟ್ ತೆರೆದಿದ್ದರು. ಆಗ ಒಬ್ಬ ಮನೆಯಲ್ಲಿ ಬರೀ ಕುತ್ತಿಗೆ ಕೆತ್ತುತ್ತಿದ್ದ, ಇನ್ನೊಬ್ಬ ಬರೀ ಹೊಟ್ಟೆ, ವ್ಯಾಪಾರಿ ಎಲ್ಲವನ್ನೂ ಕೂಡಿಸಿ ಮಾರುತ್ತಿದ್ದ. ನಿಮ್ಮ 14 ಸಾವಿರದ ಹಳೆಯದು ಅಂಥದೇ ಇರಬಹುದು. ಈಗಿನ ಮೇಸ್ತ್ರಿ ಒಬ್ಬನೇ ಕೂತು ಮೊದಲಿಂದ ಕೊನೆವರೆಗೆ ಮಾಡುತ್ತಾನೆ. ಮಾಡಿದವನು ಲೈಪ್‌ಜಿಗ್‌ನಿಂದ ಎರಡು ಗಂಟೆ ದೂರದಲ್ಲಿ ಜೀವಂತ ಇದ್ದಾನೆ! ತಂತಿ ಎತ್ತರ ಆಯಿತಾ, ಸೌಂಡ್‌ಪೋಸ್ಟ್ ಸರಿಸಬೇಕಾ, ಅವನ ಹತ್ತಿರವೇ ಹೋಗಬಹುದು. ಹಳೆಯದಕ್ಕೆ ಈ ಭಾಗ್ಯ ಎಲ್ಲಿದೆ?

ಮಂದ್ರಸ್ಥಾಯಿ
ಸರಿಯಾಗಿ ಹೇಳಿದಿರಿ. ಕುತ್ತಿಗೆ ಬೋಲ್ಟ್ ಬಿಚ್ಚಿ ಬೇರೆ ಮಾಡುವ ಹಾಗೆಯೂ ಕೆಲವರು ಮಾಡಿಕೊಡುತ್ತಾರೆ. ವಿಮಾನದಲ್ಲಿ ಒಯ್ಯುವವರಿಗೆ ದೊಡ್ಡ ಅನುಕೂಲ.

ಒಂದು ವಿಷಯ ಯಾರೂ ಹೇಳಲಿಲ್ಲ. ಜರ್ಮನಿಯ ಪ್ರವೇಶ ಪರೀಕ್ಷೆಯಲ್ಲಿ ಕನ್ಚೆರ್ಟೋವನ್ನು (ಒಂದು ವಾದ್ಯವೇ ಮುಂದಾಳಾಗಿ ನುಡಿಸುವ ಕೃತಿ) ಹೆಚ್ಚಾಗಿ ಸೋಲೋ ಶ್ರುತಿಯಲ್ಲಿ ನುಡಿಸುತ್ತಾರೆ, ಅಂದರೆ ನಾಲ್ಕೂ ತಂತಿ ಒಂದು ಸ್ವರ ಮೇಲೆ. ಅದಕ್ಕೆ ತೆಳು ತಂತಿಗಳೇ ಬೇರೆ. ಕೆಲವು ಬಾಸ್ ಮಾಮೂಲಿ ಶ್ರುತಿಯಲ್ಲಿ ಗುಡುಗುತ್ತವೆ, ಸೋಲೋ ತಂತಿ ಹಾಕಿದ ಕೂಡಲೇ ಗಂಟಲು ಕಟ್ಟಿದ ಹಾಗೆ ಆಗುತ್ತವೆ. ಎರಡರಲ್ಲೂ ಕೇಳದೆ ತೀರ್ಮಾನಕ್ಕೆ ಬರಬೇಡಿ. ಜಿ ತಂತಿಯ ಮೇಲೆ ಒಂದೊಂದೇ ಸ್ವರ ನಿಧಾನವಾಗಿ ಕಮಾನಿನಲ್ಲಿ ಎಳೆದು ನೋಡಲಿ. ಎಲ್ಲೋ ಒಂದು ಕಡೆ ಸ್ವರ ನಡುಗಿ ಗುರ್ರ್ ಅನ್ನುತ್ತದೆ. ಅದು ಎಲ್ಲ ಬಾಸ್‌ಗೂ ಇರುತ್ತದೆ, ಪರೀಕ್ಷೆಯ ತುಣುಕಿನಲ್ಲಿ ಬಹಳ ಬರುವ ಸ್ವರದ ಮೇಲೆ ಇರಬಾರದು. ನೀವು ಹಾಲ್‌ನ ಆ ತುದಿಗೆ ಹೋಗಿ ನಿಂತು ಕೇಳಿ. ನುಡಿಸುವವರ ಕಿವಿಗೆ ಕೇಳುವುದೇ ಬೇರೆ, ಇಪ್ಪತ್ತು ಮೀಟರ್ ದೂರಕ್ಕೆ ಬರುವುದೇ ಬೇರೆ.

ಕೊಪ್ಪದ ಹುಡುಗ
ಬೇಸಿಗೆ ರಜೆಗೆ ಬೆಂಗಳೂರಿಗೆ ಒಯ್ದರೆ ಹಾಳಾಗುತ್ತಾ?

ಉಳಿ ಹಿಡಿದವ
ಒಯ್ಯುವುದೇ ಬೇಡ, ಅಲ್ಲಿ ಒಂದು ಸಾಧಾರಣ ಪ್ಲೈವುಡ್ ಬಾಡಿಗೆಗೆ ಹುಡುಕಿ. ಮಳೆಗಾಲದ ತೇವದಲ್ಲಿ ಮರ ಉಬ್ಬುತ್ತದೆ, ತಂತಿ ಎತ್ತರವಾಗುತ್ತದೆ, ಅದು ಸರಿಹೋಗುತ್ತದೆ. ವಾಪಸ್ ಹೋಗಿ ಡಿಸೆಂಬರ್‌ನಲ್ಲಿ ಹೀಟರ್ ಮುಂದೆ ನಿಂತಾಗ ಸೀಳುತ್ತದೆ. ಕೋಣೆಯಲ್ಲಿ ತೇವ ಅಳೆಯುವ ಮೀಟರ್ ಇಡಿ, 40ರಿಂದ 55 ಪರ್ಸೆಂಟ್ ಒಳಗೆ ಇರಲಿ.

ಸೀಟಲ್ ಚೆಲ್ಲೋ
ಕಮಾನಿಗೆ ದುಡ್ಡು ಎತ್ತಿಟ್ಟಿದ್ದೀರಾ? ಒಳ್ಳೆಯ ಬಾಸ್ ಕೊಂಡು ಕಳಪೆ ಕಮಾನಿನಲ್ಲಿ ಎಳೆಯುವವರನ್ನು ಬಹಳ ನೋಡಿದ್ದೇನೆ. ಹಳೆ ಕಮಾನು ಕೊಂಡರೆ ತುದಿಯಲ್ಲಿ ಆನೆದಂತ ಇಲ್ಲ ಅಂತ ಬರೆಸಿಕೊಳ್ಳಿ, ಗಡಿ ದಾಟುವಾಗ ಕಷ್ಟ. ಒಳ್ಳೆಯ ಕಮಾನಿಗೆ ಬಳಸುವ ಬ್ರೆಜಿಲ್‌ನ ಪೆರ್ನಂಬುಕೋ ಮರವೂ 2007ರಿಂದ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ.

ಲೈಪ್‌ಜಿಗ್ ಅಪ್ಪ
ಇವತ್ತು ಮೂರನ್ನೂ ಇನ್ನೊಮ್ಮೆ ವಿಚಾರಿಸಿದೆ. ಇಟಲಿಯ ಅಂಗಡಿಯವರು "ಹೊರಗಿನವರಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ, ನಮ್ಮ ಸರ್ಟಿಫಿಕೇಟ್ ಸಾಕು" ಅಂದರು. ಅದನ್ನು ಪಟ್ಟಿಯಿಂದ ತೆಗೆದೆವು. ಮಗಳು ಒಂದು ಸಂಜೆ ಸಿಟ್ಟಾಗಿದ್ದಳು, ನೀವು ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿದೆ, ಸುಮ್ಮನಾದಳು. ಹಳೆ ಮಾರ್ಕ್‌ನಾಯ್‌ಕಿರ್ಶನ್‌ನ ತಂತಿ ಉದ್ದ 109 ಬಂತು. ಹೊಸದು 105. ಮೇಸ್ತ್ರಿ ಎರಡು ವಾರ ಮನೆಗೆ ಒಯ್ದು ನುಡಿಸಿ ನೋಡಿ ಅಂದಿದ್ದಾರೆ, ಸೋಲೋ ತಂತಿಯನ್ನೂ ಅವರೇ ಹಾಕಿಕೊಡುತ್ತಾರಂತೆ. ಹಳೆಯದನ್ನೂ ಅಷ್ಟೇ ದಿನ ಕೇಳಿದ್ದೇನೆ. ಎರಡನ್ನೂ ಟೀಚರ್ ಮುಂದೆ, ಶಾಲೆಯ ಹಾಲ್‌ನಲ್ಲಿ ನುಡಿಸಿಸುತ್ತೇವೆ.

ಉಳಿ ಹಿಡಿದವ
ಒಳ್ಳೆಯದಾಯಿತು. ಮನೆಗೆ ತರುವ ದಿನದಿಂದಲೇ ವಿಮೆ ಮಾಡಿಸಿ, ಎರಡು ವಾರ ನುಡಿಸಿ ನೋಡಲು ಮಾತ್ರ ತಂದಿದ್ದರೂ ಸರಿ. ಹೊಸದರ ತಂತಿ ಎತ್ತರ ಅವಳ ಕೈಗೆ ಜಾಸ್ತಿ ಅನ್ನಿಸಿದರೆ ವಾದ್ಯವೇ ಸರಿಯಿಲ್ಲ ಅಂದುಕೊಳ್ಳಬೇಡಿ, ಬ್ರಿಜ್ ಇಳಿಸಲು ಮೇಸ್ತ್ರಿಗೆ ಹೇಳಿ, ಒಂದು ಮಧ್ಯಾಹ್ನದ ಕೆಲಸ.

ಹಳೇ ಮರ
109 ಅಂತ ಹಳೆಯದನ್ನು ಈಗಲೇ ಬಿಡಬೇಡಿ. ನಟ್ ಸ್ವಲ್ಪ ಕೆಳಗೆ ಇಳಿಸಿ ತಂತಿ ಉದ್ದ ಕಡಿಮೆ ಮಾಡಬಹುದು. 14 ಸಾವಿರಕ್ಕೆ ಆ ನಾದ ಸಿಕ್ಕರೆ ಉಳಿದ ದುಡ್ಡಲ್ಲಿ ಬಹಳ ಒಳ್ಳೆಯ ಕಮಾನು ಬರುತ್ತದೆ.

ಮಂದ್ರಸ್ಥಾಯಿ
ಮಾಡಬಹುದು, ಆದರೆ ನಟ್ ಇಳಿಸಿದರೆ ಹೆಬ್ಬೆರಳಿನ ಆ ಡಿ ಜಾಗವೂ ಬದಲಾಗುತ್ತದೆ. ಕೊಳ್ಳುವ ಮೊದಲು ರಿಪೇರಿಯವರ ಹತ್ತಿರ ಅದಕ್ಕೆಷ್ಟು ಖರ್ಚು ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹಾಲ್‌ನಲ್ಲಿ ನುಡಿಸಿದ ಮೇಲೆ ಇಲ್ಲಿ ಬಂದು ಬರೆಯಿರಿ ಸರ್, ಎರಡರ ರೆಕಾರ್ಡಿಂಗ್ ಇದ್ದರೆ ಅದನ್ನೂ ಹಾಕಿ.